ಮೊಡವೆ: ಕಾರಣ ಯಾವುದು, ಅಪವಾದ ಯಾರ ಮೇಲೆ?

ಒಂದು ವಸ್ತುವಿಗೆ ಜನರು ಇಟ್ಟ ಹೆಸರನ್ನು ಬಿಡಿಸಿ ನೋಡಿದರೆ, ಆ ವಸ್ತುವಿನ ಬಗೆಗೆ ಅವರು ಏನು ತಿಳಿದಿದ್ದರೆಂಬುದು ಎಷ್ಟೋ ವೇಳೆ ಗೊತ್ತಾಗುತ್ತದೆ. ಭಾಷೆ ಮತ್ತು ಸಾಹಿತ್ಯಗಳನ್ನು ಓದುವ ವಿದ್ಯಾರ್ಥಿಗಳಿಗೆ ಇದು ಹೊಸ ಮಾತಲ್ಲ. ಹರೆಯದಲ್ಲಿ ಮುಖದ ಮೇಲೆ ಏಳುವ ಗುಳ್ಳೆಗೆ ಕನ್ನಡದಲ್ಲಿ ಮೊಡವೆ ಎಂದು ಹೆಸರು; ತೆಲುಗಿನಲ್ಲಿ ‘ಮೊಟಿಮ’. ಕಾಸರಗೋಡಿನ ವಿದ್ಯಾರ್ಥಿಗಳು ದಿನವೂ ಕೇಳುವ ಮಲಯಾಳದ ಮಾತು ‘ಮುಖಕ್ಕುರು’. ಅದರಲ್ಲಿರುವ ‘ಕುರು’, ಬಾವು ಎಂಬ ಅರ್ಥದಲ್ಲಿ ಕನ್ನಡದಲ್ಲಿ ಬಳಕೆಯಲ್ಲಿರುವ ‘ಕುರು’ವೇ. ತಮಿಳಿನ ‘ಮುಗಪ್ಪರು’ ಸಹ ಮುಖದ ಗುಳ್ಳೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮರಾಠಿಯ ‘ತಾರುಣ್ಯಪಿಟಿಕಾ’ ಒಂದು ಹೆಜ್ಜೆ ಮುಂದೆ ಹೋಗಿ ವಯಸ್ಸನ್ನೂ ಸೂಚಿಸುತ್ತದೆ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ‘ಯೌವನಪಿಡಕಾ’, ‘ಮುಖದೂಷಿಕಾ’ ಎಂಬ ಎರಡು ಹೆಸರುಗಳು ದೊರೆಯುತ್ತವೆ. ಮೊದಲನೆಯದು ಕಾಲವನ್ನು ಹೇಳಿದರೆ ಎರಡನೆಯದು ತೀರ್ಪನ್ನೇ ಹೇಳಿಬಿಡುತ್ತದೆ: ಮುಖವನ್ನು ದೂಷಿತಗೊಳಿಸುವಂಥದು.

ಸುಶ್ರುತಸಂಹಿತೆಯ ನಿದಾನಸ್ಥಾನವು ಈ ವ್ಯಾಧಿಯನ್ನು ಕ್ಷುದ್ರರೋಗಗಳ ಸಾಲಿಗೆ ಸೇರಿಸುತ್ತದೆ. ಯುವಕರ ಮುಖದ ಮೇಲೆ ಬೂರುಗದ ಮರದ ಮುಳ್ಳುಗಳಂತೆ ಏಳುವ ಈ ಗುಳ್ಳೆಗಳಿಗೆ ಕಫ, ವಾತ ಮತ್ತು ರಕ್ತಗಳ ದೋಷ ಕಾರಣವೆಂಬುದು ಅದರ ವಿವರಣೆ. ಬೂರುಗದ ಕಾಂಡವನ್ನು ಕಂಡವರಿಗೆ ಈ ಹೋಲಿಕೆಯ ನಿಖರತೆ ಕೂಡಲೇ ಹೊಳೆಯುತ್ತದೆ. ಇಂಗ್ಲಿಷಿನ ‘ಆ್ಯಕ್ನಿ’ ಎಂಬ ಪದದ ಕಥೆ ಇನ್ನೊಂದು ಬಗೆಯದು. ತುದಿ ಅಥವಾ ಶಿಖರ ಎಂಬರ್ಥದ ‘ಆಕ್ಮೆ’ ಎಂಬ ಗ್ರೀಕ್ ಶಬ್ದವು ಹಸ್ತಪ್ರತಿಯೊಂದರಲ್ಲಿ ತಪ್ಪಾಗಿ ಬರೆಯಲ್ಪಟ್ಟು ಈ ರೂಪವನ್ನು ತಾಳಿತೆಂದು ನಿಘಂಟುಕಾರರು ಹೇಳುತ್ತಾರೆ. ಗ್ರಂಥಸಂಪಾದನೆಯ ಪಾಠದಲ್ಲಿ ಲಿಪಿಕಾರರ ಸ್ಖಾಲಿತ್ಯಗಳನ್ನು ಕುರಿತು ಓದುತ್ತೇವಲ್ಲವೆ? ಅಂಥ ಒಂದು ಸ್ಖಾಲಿತ್ಯ ಇಂದು ಜಗತ್ತಿನ ವೈದ್ಯಶಾಸ್ತ್ರದಲ್ಲಿ ಸ್ಥಿರವಾಗಿ ನಿಂತಿದೆ.

ಹೆಸರಿನಲ್ಲಿ ಸೇರಿಕೊಂಡ ತಪ್ಪಿನಿಂದ ಯಾರಿಗೂ ಹಾನಿಯಿಲ್ಲ. ಕಾರಣದ ಬಗೆಗಿನ ತಪ್ಪು ತಿಳಿವಳಿಕೆ ಹಾಗಲ್ಲ. ಅದು ಮುಖದ ಮೇಲೆ ಜೀವನಪೂರ್ತಿ ಉಳಿಯುವ ಕುಳಿಗಳನ್ನು ಕೊಡಬಲ್ಲದು. ನಿರಪರಾಧಿಯಾದ ತರುಣ ಅಥವಾ ತರುಣಿಯ ಮೇಲೆ ಕೊಳಕಿನ, ಬಾಯಿಚಪಲದ, ಕೆಟ್ಟ ಯೋಚನೆಯ ಅಪವಾದವನ್ನು ಹೊರಿಸಬಲ್ಲದು. ಆದುದರಿಂದ ಮೊಡವೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಿ, ಬಳಿಕ ಅದರ ಸುತ್ತ ಬೆಳೆದ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ.

ರೋಮಕೂಪದ ಒಳಗೆ ನಡೆಯುವುದು

ನಮ್ಮ ಚರ್ಮದ ಮೇಲಿನ ಪ್ರತಿಯೊಂದು ರೋಮವೂ ಒಂದು ಸಣ್ಣ ಕೊಳವೆಯಂತಹ ಗುಳಿಯಲ್ಲಿ ಬೇರೂರಿರುತ್ತದೆ. ಇದೇ ರೋಮಕೂಪ. ಅದರ ಬದಿಗೆ ಅಂಟಿಕೊಂಡಂತೆ ತೈಲಗ್ರಂಥಿಯೊಂದಿರುತ್ತದೆ. ಈ ಗ್ರಂಥಿಯು ಸ್ರವಿಸುವ ಜಿಡ್ಡಿಗೆ ಸೀಬಮ್ ಎಂದು ಹೆಸರು. ಈ ಜಿಡ್ಡು ರೋಮಕೂಪದ ಮೂಲಕ ಮೇಲಕ್ಕೆ ಬಂದು ಚರ್ಮವು ಒಣಗಿ ಬಿರಿಯದಂತೆ ಕಾಪಾಡುತ್ತದೆ. ಅಂಗೈ ಮತ್ತು ಅಂಗಾಲುಗಳಲ್ಲಿ ತೈಲಗ್ರಂಥಿಗಳಿಲ್ಲ. ಅಲ್ಲಿ ಮೊಡವೆಯೂ ಇಲ್ಲ. ಮುಖ, ಎದೆ ಮತ್ತು ಬೆನ್ನಿನ ಮೇಲ್ಭಾಗಗಳಲ್ಲಿ ಈ ಗ್ರಂಥಿಗಳು ದೊಡ್ಡವಾಗಿಯೂ ದಟ್ಟವಾಗಿಯೂ ಇರುತ್ತವೆ. ಮೊಡವೆಗಳು ಹೆಚ್ಚಾಗಿ ಏಳುವುದು ಅಲ್ಲಿಯೇ.

ಮೊಡವೆ ಉಂಟಾಗಲು ನಾಲ್ಕು ಸಂಗತಿಗಳು ಕೂಡಿಬರಬೇಕು. ಮೊದಲನೆಯದು, ತೈಲಗ್ರಂಥಿ ಅಗತ್ಯಕ್ಕಿಂತ ಹೆಚ್ಚು ಜಿಡ್ಡನ್ನು ಸ್ರವಿಸುವುದು. ಎರಡನೆಯದು, ರೋಮಕೂಪದ ಒಳಗೋಡೆಯ ಸತ್ತ ಜೀವಕೋಶಗಳು ಬಿಡಿಬಿಡಿಯಾಗಿ ಉದುರಿ ಹೊರಬೀಳುವ ಬದಲು ಒಂದಕ್ಕೊಂದು ಅಂಟಿಕೊಂಡು ಬಿರಡೆಯಂತೆ ದಾರಿಯನ್ನು ಮುಚ್ಚುವುದು. ಮೂರನೆಯದು, ಹಾಗೆ ಮುಚ್ಚಿಹೋದ ಕೂಪದಲ್ಲಿ ‘ಕ್ಯೂಟಿಬ್ಯಾಕ್ಟೀರಿಯಮ್ ಆ್ಯಕ್ನಿಸ್’ ಎಂಬ ಬ್ಯಾಕ್ಟೀರಿಯಗಳು ಜಿಡ್ಡನ್ನು ಆಹಾರವಾಗಿಸಿಕೊಂಡು ವೃದ್ಧಿಯಾಗುವುದು. ನಾಲ್ಕನೆಯದು, ಇವೆಲ್ಲಕ್ಕೆ ದೇಹದ ರೋಗನಿರೋಧಕ ವ್ಯವಸ್ಥೆಯು ತೋರುವ ಪ್ರತಿಕ್ರಿಯೆ, ಅಂದರೆ ಉರಿಯೂತ. ಕೆಂಪು, ನೋವು, ಕೀವು ಇವು ಈ ಪ್ರತಿಕ್ರಿಯೆಯ ಗುರುತುಗಳು.

ಬಿರಡೆ ಕಟ್ಟಿದ ರೋಮಕೂಪದ ಬಾಯಿ ತೆರೆದಿದ್ದರೆ ಕಪ್ಪು ತುದಿಯ ಬ್ಲ್ಯಾಕ್‌ಹೆಡ್ ಕಾಣುತ್ತದೆ. ಬಾಯಿ ಮುಚ್ಚಿದ್ದರೆ ಬಿಳಿಯ ವೈಟ್‌ಹೆಡ್. ಉರಿಯೂತ ಹೆಚ್ಚಿದಾಗ ಅದೇ ಕೆಂಪು ಗುಳ್ಳೆಯಾಗಿ, ಕೀವುಗುಳ್ಳೆಯಾಗಿ ಬೆಳೆಯುತ್ತದೆ. ಕೆಲವರಲ್ಲಿ ಕೂಪದ ಗೋಡೆಯೇ ಒಡೆದು ಒಳಗಿನ ವಸ್ತುವೆಲ್ಲ ಚರ್ಮದ ಆಳದಲ್ಲಿ ಚೆಲ್ಲಿ, ಗಟ್ಟಿಯಾದ ನೋವಿನ ಗಂಟುಗಳಾಗುತ್ತವೆ. ಕುಳಿಬೀಳುವ ಕಲೆಗಳು ಬಹುಮಟ್ಟಿಗೆ ಇಂಥವುಗಳಿಂದಲೇ ಉಳಿಯುತ್ತವೆ. ಬರಿಗಣ್ಣಿಗೆ ಕಾಣದ ಬಿರಡೆಯೊಂದು ಎದ್ದುಕಾಣುವ ಮೊಡವೆಯಾಗಲು ಹಲವು ವಾರಗಳೇ ಬೇಕಾಗಬಹುದು. ಈ ಕಾಲಾವಧಿಯನ್ನು ನೆನಪಿಟ್ಟುಕೊಂಡರೆ, ನಿನ್ನೆ ತಿಂದ ಬಜ್ಜಿಯ ಮೇಲೆ ಇಂದಿನ ಮೊಡವೆಯ ಹೊಣೆಯನ್ನು ಹೊರಿಸುವ ಮುನ್ನ ತುಸು ಯೋಚಿಸುತ್ತೇವೆ.

ಹರೆಯದಲ್ಲಿಯೇ ಏಕೆ?

ಜಿಡ್ಡಿನ ಸ್ರಾವವನ್ನು ಹೆಚ್ಚಿಸುವುದು ಆ್ಯಂಡ್ರೊಜನ್ ವರ್ಗದ ಹಾರ್ಮೋನುಗಳು. ಇವನ್ನು ಗಂಡಸರ ಹಾರ್ಮೋನುಗಳೆಂದು ಕರೆಯುವ ರೂಢಿಯಿದ್ದರೂ ಹೆಣ್ಣುಮಕ್ಕಳ ದೇಹದಲ್ಲಿಯೂ ಅವು ಉತ್ಪತ್ತಿಯಾಗುತ್ತವೆ. ಪ್ರಾಯಕ್ಕೆ ಬರುವಾಗ ಇವುಗಳ ಪ್ರಮಾಣ ಏರುತ್ತದೆ, ತೈಲಗ್ರಂಥಿಗಳು ಹಿಗ್ಗುತ್ತವೆ. ಈ ಸಂಬಂಧವನ್ನು ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿಜ್ಞಾನಿ 1941ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಹರೆಯಕ್ಕೆ ಮುನ್ನವೇ ವೃಷಣಗಳ ಕಾರ್ಯ ನಿಂತುಹೋಗಿದ್ದ ಪುರುಷರಲ್ಲಿ ಮೊಡವೆ ಏಳುವುದಿಲ್ಲವೆಂದೂ ಅಂಥವರಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ ಮೊಡವೆ ಕಾಣಿಸಿಕೊಳ್ಳಬಹುದೆಂದೂ ಅವರು ದಾಖಲಿಸಿದರು.

ಹಾಗಾದರೆ ಹಾರ್ಮೋನು ಎಲ್ಲರಲ್ಲಿಯೂ ಏರುವಾಗ ಒಬ್ಬರ ಮುಖ ನುಣುಪಾಗಿಯೂ ಪಕ್ಕದವರ ಮುಖ ಮೊಡವೆಗಳಿಂದ ತುಂಬಿಯೂ ಇರುವುದೇಕೆ? ಗ್ರಂಥಿಗಳು ಹಾರ್ಮೋನಿಗೆ ಎಷ್ಟು ತೀವ್ರವಾಗಿ ಸ್ಪಂದಿಸುತ್ತವೆ ಎಂಬುದರಲ್ಲಿ ವ್ಯತ್ಯಾಸವಿದೆ. ಈ ವ್ಯತ್ಯಾಸ ಬಹುಪಾಲು ಆನುವಂಶಿಕ. ಬ್ರಿಟನ್ನಿನ ಅವಳಿ ಸೋದರಿಯರನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊಡವೆಯ ವಿಷಯದಲ್ಲಿ ವ್ಯಕ್ತಿವ್ಯಕ್ತಿಗಳ ನಡುವೆ ಕಾಣುವ ಭೇದದ 81 ಪ್ರತಿಶತಕ್ಕೆ ಅನುವಂಶವೇ ಕಾರಣವೆಂದು ಲೆಕ್ಕಹಾಕಿತು. ತಂದೆತಾಯಿಯರಲ್ಲಿ ಒಬ್ಬರಿಗೆ ತೀವ್ರವಾದ ಮೊಡವೆ ಇದ್ದಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಮುಖದ ಮೊಡವೆಯನ್ನು ಕಂಡು ಮಗಳನ್ನು ಗದರುವ ತಾಯಿ ತನ್ನ ಹರೆಯದ ಭಾವಚಿತ್ರವನ್ನೊಮ್ಮೆ ತೆಗೆದು ನೋಡುವುದು ಒಳ್ಳೆಯದು.

ಬ್ಯಾಕ್ಟೀರಿಯದ ಕುರಿತು ಒಂದು ಮಾತು. ಮೊಡವೆಯೊಳಗಿನ ಈ ಜೀವಿಯನ್ನು 1896ರಷ್ಟು ಹಿಂದೆಯೇ ಜರ್ಮನಿಯ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ ಗುರುತಿಸಿದ್ದರು. ಬಹುಕಾಲ ‘ಪ್ರೊಪಿಯೋನಿಬ್ಯಾಕ್ಟೀರಿಯಮ್’ ಎಂದು ಕರೆಯಲ್ಪಡುತ್ತಿದ್ದ ಅದಕ್ಕೆ ಈಗಿನ ಹೆಸರು ಬಂದದ್ದು 2016ರಲ್ಲಿ. ಮೊಡವೆಯಿಲ್ಲದವರ ಚರ್ಮದಲ್ಲಿಯೂ ಅದು ಸಹಜವಾಗಿ ವಾಸಿಸುತ್ತದೆ. ಆದುದರಿಂದ ಮೊಡವೆ ಒಬ್ಬರಿಂದ ಒಬ್ಬರಿಗೆ ಅಂಟುವ ಜಾಡ್ಯವಲ್ಲ. ಒಂದೇ ಹಾಸ್ಟೆಲಿನ ಕೋಣೆಯಲ್ಲಿರುವವರು ಈ ಕಾರಣಕ್ಕಾಗಿ ದೂರ ಸರಿಯಬೇಕಾಗಿಲ್ಲ.

ನಂಬಿಕೆಗಳ ಪರಿಶೀಲನೆ

ಮೊಡವೆಯನ್ನು ಕುರಿತ ಜನಜನಿತ ನಂಬಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳಲ್ಲಿ ಬಹಳಷ್ಟಕ್ಕೆ ಒಂದೇ ಬೇರು ಇರುವುದು ಕಾಣುತ್ತದೆ. ಕಾರಣವನ್ನು ಅವು ರೋಮಕೂಪದಲ್ಲಿ ಹುಡುಕದೆ ವ್ಯಕ್ತಿಯ ನಡತೆಯಲ್ಲಿ ಹುಡುಕುತ್ತವೆ.

ಮುಖವನ್ನು ಸರಿಯಾಗಿ ತೊಳೆಯದವರಿಗೆ ಮೊಡವೆ ಬರುತ್ತದೆ ಎಂಬುದು ಎಲ್ಲಕ್ಕಿಂತ ಪ್ರಬಲವಾದ ನಂಬಿಕೆ. ಬ್ಲ್ಯಾಕ್‌ಹೆಡ್‌ನ ಕಪ್ಪನ್ನು ಕೊಳೆಯೆಂದು ಬಗೆಯುವುದು ಇದಕ್ಕೆ ಪೋಷಕವಾಗಿದೆ. ವಸ್ತುತಃ ಆ ಕಪ್ಪು, ಚರ್ಮದ ವರ್ಣದ್ರವ್ಯವಾದ ಮೆಲನಿನ್ ಮತ್ತು ಗಾಳಿಗೆ ತೆರೆದುಕೊಂಡು ಬಣ್ಣಗೆಟ್ಟ ಜಿಡ್ಡು ಇವುಗಳಿಂದ ಬಂದದ್ದು. ಎಷ್ಟು ಉಜ್ಜಿದರೂ ಅದು ಹೋಗದು. ಚರ್ಮದ ಮೇಲ್ಮೈ ತುಸು ಆಮ್ಲೀಯ. ಸಾಮಾನ್ಯ ಸ್ನಾನದ ಸಾಬೂನು ಕ್ಷಾರೀಯ. ದಿನಕ್ಕೆ ಐದಾರು ಬಾರಿ ಸಾಬೂನು ಹಚ್ಚಿ ಒರಟು ಬಟ್ಟೆಯಿಂದ ತಿಕ್ಕಿದರೆ ಚರ್ಮದ ರಕ್ಷಣಾಪದರ ಸವೆದು ಉರಿಯೂತ ಹೆಚ್ಚುತ್ತದೆ. ಸೌಮ್ಯವಾದ ಕ್ಲೆನ್ಸರಿನಿಂದ ದಿನಕ್ಕೆ ಎರಡು ಸಲ, ಹಾಗೂ ಆಟವಾಡಿ ಬೆವರಿದಾಗ ಒಮ್ಮೆ ತೊಳೆದರೆ ಸಾಕು.

ಆಹಾರದ ಪ್ರಶ್ನೆ ಇಷ್ಟು ಸರಳವಲ್ಲ. 1969ರಲ್ಲಿ ಅಮೆರಿಕದ ಸಂಶೋಧಕರು 65 ಜನರ ಮೇಲೆ ನಡೆಸಿದ ಪರೀಕ್ಷೆಯೊಂದು ಚಾಕೊಲೇಟಿಗೂ ಮೊಡವೆಗೂ ಸಂಬಂಧವಿಲ್ಲವೆಂದು ಸಾರಿತು. ದಶಕಗಳ ಕಾಲ ವೈದ್ಯರು ಅದನ್ನೇ ಆಧಾರವಾಗಿಟ್ಟುಕೊಂಡರು. ಆದರೆ ಹೋಲಿಕೆಗಾಗಿ ಕೊಟ್ಟ ಕೋಕೋರಹಿತ ತಿನಿಸಿನಲ್ಲಿಯೂ ಸಕ್ಕರೆ ಮತ್ತು ಕೊಬ್ಬು ಸುಮಾರಾಗಿ ಅಷ್ಟೇ ಇದ್ದವು. ಆದುದರಿಂದ ಸಕ್ಕರೆಯ ಪಾತ್ರದ ಬಗೆಗೆ ಆ ಪರೀಕ್ಷೆ ಏನನ್ನೂ ಹೇಳುವಂತಿರಲಿಲ್ಲ. ಪಪುವ ನ್ಯೂಗಿನಿಯ ಕಿಟಾವಾ ದ್ವೀಪವಾಸಿಗಳಲ್ಲಿ ಹಾಗೂ ಪರಾಗ್ವೆಯ ಆಚೆ ಬುಡಕಟ್ಟಿನವರಲ್ಲಿ ಮೊಡವೆಯೇ ಕಾಣಲಿಲ್ಲವೆಂದು 2002ರ ಅಧ್ಯಯನವೊಂದು ವರದಿ ಮಾಡಿತು. ಆಧುನಿಕ ಸಂಸ್ಕರಿತ ಆಹಾರ ಅವರ ಊಟದಲ್ಲಿ ಇಲ್ಲವೆನ್ನುವಷ್ಟು ಕಡಮೆಯಿತ್ತು. ಅನುವಂಶವೂ ಅವರಲ್ಲಿ ಬೇರೆಯಿರಬಹುದಾದ ಕಾರಣ ಈ ಒಂದು ಸಂಗತಿಯಿಂದ ತೀರ್ಮಾನಕ್ಕೆ ಬರಲಾಗದು. ಆದರೆ 2007ರಲ್ಲಿ ಆಸ್ಟ್ರೇಲಿಯದಲ್ಲಿ 43 ತರುಣರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಆಹಾರವನ್ನು ಸೇವಿಸಿದವರ ಮೊಡವೆಗಳು ಹೆಚ್ಚು ಇಳಿದದ್ದು ಕಂಡುಬಂದಿತು. ಹಾಲಿನ ಸೇವನೆಗೂ ಮೊಡವೆಗೂ ನಂಟಿರುವುದನ್ನು ಹಲವು ಸಮೀಕ್ಷೆಗಳು ಸೂಚಿಸಿವೆ.

ಇವುಗಳಿಂದ ತಿಳಿಯುವುದಿಷ್ಟು: ಸಿಹಿಪಾನೀಯ, ಮೈದಾ, ಸಕ್ಕರೆಗಳ ಅತಿಬಳಕೆಯು ಮೊಡವೆಯಾಗುವ ಚರ್ಮದಲ್ಲಿ ಅದನ್ನು ಉಲ್ಬಣಗೊಳಿಸಬಹುದು. ಆದರೆ ಎಣ್ಣೆಯಲ್ಲಿ ಕರಿದುದನ್ನು ತಿಂದರೆ ಆ ಎಣ್ಣೆಯೇ ಮುಖದಲ್ಲಿ ಜಿನುಗುತ್ತದೆ ಎಂಬ ಕಲ್ಪನೆಗೆ ಆಧಾರವಿಲ್ಲ. ಮುಖದ ಜಿಡ್ಡನ್ನು ತೈಲಗ್ರಂಥಿ ತಾನೇ ತಯಾರಿಸುತ್ತದೆ. ಆಹಾರವನ್ನು ತಿದ್ದಿಕೊಳ್ಳುವುದು ಸಹಾಯಕ. ಊಟ ಬಿಡುವುದು ಚಿಕಿತ್ಸೆಯಾಗದು.

ಹೊಟ್ಟೆಗೆ ಸೇರುವ ಎಣ್ಣೆಗಿಂತ ಚರ್ಮಕ್ಕೆ ಹಚ್ಚುವ ಎಣ್ಣೆಯ ಕಡೆ ಗಮನ ಕೊಡುವುದು ಹೆಚ್ಚು ಅಗತ್ಯ. ಕೇಶತೈಲಗಳನ್ನು ಧಾರಾಳವಾಗಿ ಬಳಸುವವರ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುವುದನ್ನು ವೈದ್ಯರು 1970ರಲ್ಲಿಯೇ ಪ್ರತ್ಯೇಕವಾಗಿ ವರ್ಣಿಸಿದ್ದಾರೆ. ತಲೆಗೆ ತೆಂಗಿನೆಣ್ಣೆ ಹಚ್ಚುವುದು ನಮ್ಮ ಕರಾವಳಿಯ ವಾಡಿಕೆ. ಅದನ್ನು ಬಿಡಬೇಕಾಗಿಲ್ಲ, ಮೊಡವೆಯಿರುವವರು ಎಣ್ಣೆ ಹಣೆಗಿಳಿಯದಂತೆ ನೋಡಿಕೊಂಡು, ಮಲಗುವ ಮುನ್ನವೇ ತೊಳೆದುಕೊಂಡರೆ ಲೇಸು. ಮುಖಕ್ಕೆ ಮಾತ್ರ ಅದನ್ನು ಹಚ್ಚದಿರುವುದೇ ಕ್ಷೇಮ.

‘ಮೈಯಲ್ಲಿ ಉಷ್ಣ ಹೆಚ್ಚಾಗಿದೆ’, ‘ರಕ್ತ ಕೆಟ್ಟಿದೆ’ ಎಂಬ ಮಾತುಗಳು ಹಳೆಯ ವೈದ್ಯದ ಪರಿಭಾಷೆಯಿಂದ ಮನೆಮಾತಿಗೆ ಇಳಿದವು. ಆ ಕಾಲದ ತಿಳಿವಿನ ಚೌಕಟ್ಟಿನಲ್ಲಿ ಅವಕ್ಕೆ ಅರ್ಥವಿತ್ತು. ಇಂದು ಅವುಗಳನ್ನು ಅಕ್ಷರಶಃ ತೆಗೆದುಕೊಂಡು ರಕ್ತಶುದ್ಧಿಯ ಪೇಯಗಳಿಗೆ ತಿಂಗಳುಗಟ್ಟಲೆ ಹಣ ಸುರಿಯುವುದು ವ್ಯರ್ಥ. ಮೊಡವೆಯವರ ರಕ್ತದಲ್ಲಿ ಸೋಸಿ ತೆಗೆಯಬೇಕಾದ ಕಶ್ಮಲ ಯಾವುದೂ ಇಲ್ಲ.

ಕೆಟ್ಟ ಯೋಚನೆಗಳಿಂದ ಮೊಡವೆ ಬರುತ್ತದೆ, ಮದುವೆಯಾದರೆ ಹೋಗುತ್ತದೆ ಎಂಬ ನಂಬಿಕೆಯನ್ನು ಹಿರಿಯರು ಬಾಯಿಬಿಟ್ಟು ಹೇಳದಿದ್ದರೂ ಓರೆನೋಟದಲ್ಲಿ ಸೂಚಿಸುವುದುಂಟು. ಕಾಮನೆಯೂ ಮೊಡವೆಯೂ ಒಂದೇ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಭ್ರಮಿಸಲಾಯಿತು. ಎರಡಕ್ಕೂ ಹಿಂದಿರುವುದು ಹರೆಯದ ಹಾರ್ಮೋನು. ಕೆಲವೇ ತಿಂಗಳ ಹಸುಗೂಸಿನ ಕೆನ್ನೆಯ ಮೇಲೂ ಮೊಡವೆ ಏಳುವುದುಂಟು. ಆ ಕೂಸಿನ ಮನಸ್ಸಿನಲ್ಲಿ ಯಾವ ದೋಷವನ್ನು ಹುಡುಕೋಣ? ಇನ್ನು ಮದುವೆಯ ವಿಚಾರ. ಮದುವೆಯಾಗುವ ವಯಸ್ಸಿಗೆ ಎಷ್ಟೋ ಜನರ ಮೊಡವೆ ತಾನಾಗಿಯೇ ಇಳಿದಿರುತ್ತದೆ. ಮೂವತ್ತು ದಾಟಿದ ಗೃಹಿಣಿಯರಲ್ಲಿ, ವಿಶೇಷವಾಗಿ ದವಡೆಯ ಬದಿಯಲ್ಲಿ, ಅದು ಕಾಣಿಸಿಕೊಳ್ಳುವುದೂ ಅಪರೂಪವಲ್ಲ. ಹೆಣ್ಣುಮಕ್ಕಳಲ್ಲಿ ಮೊಡವೆಯೊಂದಿಗೆ ಮುಟ್ಟು ಏರುಪೇರಾಗುವುದು, ಮುಖದಲ್ಲಿ ರೋಮ ದಟ್ಟವಾಗುವುದು ಇವೂ ಇದ್ದರೆ ಪಿಸಿಓಎಸ್ ಎಂಬ ಸ್ಥಿತಿಯಿರಬಹುದು. ಅಂಥಲ್ಲಿ ವೈದ್ಯರ ತಪಾಸಣೆ ಅಗತ್ಯ. ಅದಕ್ಕೆ ನಾಚುವ ಕಾರಣವಿಲ್ಲ.

ಕೈ ಮಾಡುವ ಹಾನಿ

ಕಾರಣವನ್ನು ತಪ್ಪಾಗಿ ತಿಳಿದಾಗ ಉಪಚಾರವೂ ತಪ್ಪಾಗುತ್ತದೆ. ಮೊಡವೆಯನ್ನು ಹಿಸುಕಿದರೆ ಕೀವು ಸ್ವಲ್ಪ ಹೊರಬಂದರೂ ಉಳಿದದ್ದು ಒತ್ತಡದಿಂದ ಆಳಕ್ಕೆ ಇಳಿಯುತ್ತದೆ. ವಾರದಲ್ಲಿ ಮಾಯಬೇಕಾದದ್ದು ಗಂಟಾಗುತ್ತದೆ. ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಉರಿಯೂತವಾದೆಡೆ ಮೆಲನಿನ್ ಹೆಚ್ಚಾಗಿ ಶೇಖರವಾಗಿ ಕಪ್ಪು ಕಲೆ ನಿಲ್ಲುತ್ತದೆ. ಮೊಡವೆ ಹೋದರೂ ಈ ಕಲೆ ತಿಂಗಳುಗಟ್ಟಲೆ ಉಳಿಯುವುದರಿಂದ ಎಷ್ಟೋ ಜನ ಮೊಡವೆಗಿಂತ ಹೆಚ್ಚಾಗಿ ಇದಕ್ಕೇ ಕೊರಗುತ್ತಾರೆ. ಟೂತ್‌ಪೇಸ್ಟ್, ಅಡುಗೆಸೋಡ, ನಿಂಬೆರಸಗಳು ಚರ್ಮವನ್ನು ಕೆರಳಿಸುವ ವಸ್ತುಗಳು. ಲಿಂಬೆಜಾತಿಯ ಹಣ್ಣಿನ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತಹ ಬೊಕ್ಕೆಗಳೂ ಕಪ್ಪು ಪಟ್ಟೆಗಳೂ ಏಳಬಹುದು.

ಇವೆಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಅಂಗಡಿಯಲ್ಲಿ ಕೇಳಿ ತರುವ ಮುಲಾಮಿನಲ್ಲಿ. ಗೆಳೆಯರ ಸಲಹೆಯಂತೆ ಕೊಂಡ, ಮುಖವನ್ನು ಬೆಳ್ಳಗಾಗಿಸಿ ಮೊಡವೆಯನ್ನೂ ಕಳೆಯುತ್ತದೆಂಬ ಕ್ರೀಮುಗಳಲ್ಲಿ ಅನೇಕವು ತೀಕ್ಷ್ಣವಾದ ಸ್ಟೀರಾಯ್ಡ್ ಹೊಂದಿರುತ್ತವೆ. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುವುದರಿಂದ ಮೊದಲ ಕೆಲವು ದಿನ ಕೆಂಪು ಇಳಿದು ಮುಖ ತಿಳಿಯಾದಂತೆ ತೋರುತ್ತದೆ. ಬಳಕೆ ಮುಂದುವರಿದಂತೆ ಚರ್ಮ ತೆಳುವಾಗುತ್ತದೆ; ರಕ್ತನಾಳಗಳು ಎದ್ದುಕಾಣುತ್ತವೆ; ಮುಖದಲ್ಲಿ ರೋಮ ಬೆಳೆಯುತ್ತದೆ; ಮೊಡವೆ ಮೊದಲಿಗಿಂತ ಹೆಚ್ಚಾಗಿ ಒಮ್ಮೆಲೇ ಏಳುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಶಮನ ಎಂಬ ಸ್ಥಿತಿಗೆ ಬಂದವರು ಅದನ್ನು ಬಿಡಲಾರದೆ ತೊಳಲುತ್ತಾರೆ. ಭಾರತದ ಚರ್ಮವೈದ್ಯರು ಸ್ಟೀರಾಯ್ಡಿನಿಂದ ಕೆಟ್ಟ ಈ ಮುಖಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಡಬೇಕಾಯಿತು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಇಂತಹ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿಗೆ ಸೇರಿಸಿತು. ನಿಯಮವಿದ್ದರೂ ಕೊಳ್ಳುವವರ ಎಚ್ಚರ ತಪ್ಪಬಾರದು.

ಇಲ್ಲಿ ಭಾಷಾ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಪ್ರಕೃತಿ ಪ್ರತ್ಯಯಗಳನ್ನು ಬೇರ್ಪಡಿಸಿ ನೋಡುವ ಅಭ್ಯಾಸ ನಮಗಿದೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ ಔಷಧದ ಹೆಸರನ್ನು ಓದಿ. ಬೀಟಾಮೆಥಸೋನ್, ಮೊಮೆಟಸೋನ್ ಎಂಬಂತೆ ‘ಸೋನ್’ ಎಂದು ಕೊನೆಗೊಳ್ಳುವ ಅಥವಾ ಕ್ಲೊಬೆಟಸಾಲ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್, ಮೊಡವೆಗೆ ಸಲ್ಲದು. ಈಗಾಗಲೇ ಬಹುದಿನ ಬಳಸಿದವರು ಅದನ್ನು ನಿಲ್ಲಿಸುವ ಕ್ರಮವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಸರಿಯಾದ ದಾರಿ

ಮೊಡವೆಗೆ ಚಿಕಿತ್ಸೆಯಿದೆ, ಮತ್ತು ಅದು ಮೇಲೆ ಹೇಳಿದ ನಾಲ್ಕು ಕಾರಣಗಳನ್ನೇ ಗುರಿಯಾಗಿಸಿಕೊಂಡಿದೆ. ಬೆನ್ಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯವನ್ನು ತಗ್ಗಿಸುತ್ತದೆ. ತಲೆದಿಂಬಿನ ಬಟ್ಟೆಯ ಬಣ್ಣವನ್ನೂ ಕಳೆಯುತ್ತದೆ ಎಂಬುದನ್ನು ನೆನಪಿಡಬೇಕು. ಅಡಾಪಲೀನ್‌ನಂಥ ರೆಟಿನಾಯ್ಡ್‌ಗಳು ರೋಮಕೂಪದ ಬಿರಡೆಯನ್ನು ಸಡಿಲಿಸುತ್ತವೆ. ಆರಂಭದಲ್ಲಿ ಚರ್ಮ ಒಣಗಿ ಸಿಪ್ಪೆ ಏಳುವುದುಂಟು. ಆ್ಯಂಟಿಬಯಾಟಿಕ್‌ಗಳನ್ನು ವೈದ್ಯರು ಹೇಳಿದಷ್ಟು ಕಾಲ ಮಾತ್ರ ಬಳಸಬೇಕು; ಮನಬಂದಂತೆ ಬಳಸಿದರೆ ಬ್ಯಾಕ್ಟೀರಿಯಗಳು ಅವಕ್ಕೆ ಬಗ್ಗದಂತಾಗುತ್ತವೆ. ತೀವ್ರವಾದ ಗಂಟುಮೊಡವೆಗೆ, ಅಮೆರಿಕದಲ್ಲಿ 1982ರಲ್ಲಿ ಅನುಮೋದನೆ ಪಡೆದ ಐಸೊಟ್ರೆಟಿನೋಯಿನ್ ಮಾತ್ರೆ ಬಹು ಪರಿಣಾಮಕಾರಿ. ಗರ್ಭಸ್ಥ ಶಿಶುವಿಗೆ ಅದು ಘೋರವಾದ ಅಂಗವೈಕಲ್ಯ ತರಬಲ್ಲುದಾದ್ದರಿಂದ ತಜ್ಞರ ಕಣ್ಗಾವಲಿನಲ್ಲಿ ಮಾತ್ರ ಸೇವಿಸತಕ್ಕದ್ದು.

ಯಾವ ಔಷಧವೇ ಆಗಲಿ, ಫಲ ಕಾಣಲು ಆರರಿಂದ ಎಂಟು ವಾರ ಬೇಕು. ಪೂರ್ಣ ಪ್ರಯೋಜನಕ್ಕೆ ಮೂರು ತಿಂಗಳು. ಬಿರಡೆ ಕಟ್ಟಲು ವಾರಗಳು ಹಿಡಿದಿರುವಾಗ ಅದು ಕರಗಲು ನಾಲ್ಕು ದಿನ ಸಾಲದು. ಹತ್ತು ದಿನಕ್ಕೆ ಬೇಸತ್ತು ಔಷಧ ಬದಲಿಸುವವರು ಒಳ್ಳೆಯ ಚಿಕಿತ್ಸೆಯನ್ನೂ ವಿಫಲಗೊಳಿಸುತ್ತಾರೆ. ಬೆರಳೆಣಿಕೆಯಷ್ಟು ಮೊಡವೆಗಳಾದರೆ ಗಾಬರಿ ಬೇಡ. ನೋವಿನ ಗಂಟುಗಳಿದ್ದರೆ, ಕುಳಿ ಬೀಳತೊಡಗಿದ್ದರೆ, ‘ಹರೆಯ ಕಳೆದರೆ ತಾನೇ ಹೋಗುತ್ತದೆ’ ಎಂದು ಕಾಯುವುದು ಸರಿಯಲ್ಲ. ಮೊಡವೆ ಹೋದೀತು, ಕುಳಿ ಹೋಗದು.

ಕೊನೆಯದಾಗಿ ತರಗತಿಯ ಮಾತು. ಹನ್ನೆರಡರಿಂದ ಇಪ್ಪತ್ತನಾಲ್ಕರ ವಯಸ್ಸಿನವರಲ್ಲಿ ಸುಮಾರು 85 ಪ್ರತಿಶತ ಜನರಿಗೆ ಒಂದಿಲ್ಲೊಂದು ಪ್ರಮಾಣದಲ್ಲಿ ಮೊಡವೆ ಏಳುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಅಂದರೆ ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರಿಗೆ ಇದರ ಅನುಭವವಿದೆ. ಆದರೂ ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದಲು ಎದ್ದುನಿಲ್ಲಲು ಹಿಂಜರಿಯುವವರು, ಭಾವಚಿತ್ರ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುವವರು ನಮ್ಮ ನಡುವೆ ಇದ್ದಾರೆ. ‘ಮುಖ ತೊಳೆಯುವುದಿಲ್ಲವೇ?’, ‘ಏನು ತಿಂದೆ?’ ಎಂಬ ಪ್ರಶ್ನೆಗಳು ಅವರಿಗೆ ಉಪದೇಶದಂತೆ ಕೇಳಿಸುವುದಿಲ್ಲ, ಆರೋಪದಂತೆ ಕೇಳಿಸುತ್ತವೆ. ಮುಖದೂಷಿಕೆ ಎಂಬ ಹೆಸರನ್ನು ಪ್ರಾಚೀನರು ಗುಳ್ಳೆಗೆ ಇಟ್ಟರು. ಅದನ್ನು ಹೊತ್ತವರಿಗೆ ದೂಷಣೆಯನ್ನು ಅಂಟಿಸಿದವರು ನಾವು. ಆ ಪ್ರಶ್ನೆಗಳನ್ನು ಕೈಬಿಟ್ಟು, ಅಗತ್ಯವಿರುವವರೊಡನೆ ಹತ್ತಿರದ ಸರಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದವರೆಗೆ ಹೋಗಿಬಂದರೆ, ಅದು ಗೆಳೆತನಕ್ಕೂ ವಿದ್ಯೆಗೂ ತಕ್ಕ ನಡೆಯಾದೀತು.